ಸಾಲಗಾರ್ತಿಗೆ ಲೆಕ್ಕ ಗೊತ್ತಿದೆ

ದಾವಣಗೆರೆಯ ಯಾವ ವೇದಿಕೆಯಲ್ಲಾದರೂ ಚಪ್ಪಾಳೆ ಬೀಳುವ ಮಾತೊಂದಿದೆ. ಬ್ಯಾಂಕ್ ಅಧಿಕಾರಿ ಅದನ್ನು ಹೇಳುತ್ತಾರೆ, ಕಾಲೇಜಿನ ಮೇಷ್ಟ್ರು ಹೇಳುತ್ತಾರೆ, ಸಂಘ ಸಂಸ್ಥೆಗಳ ಅಧ್ಯಕ್ಷರು ಹೇಳುತ್ತಾರೆ. ‘ಜನಕ್ಕೆ ಹಣಕಾಸಿನ ಅರಿವಿಲ್ಲ, ಆಸೆ ಮಾತ್ರ ವಿಪರೀತ. ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು ಮರೆತಿದ್ದಾರೆ. ಅದಕ್ಕೇ ಮೈಕ್ರೋಫೈನಾನ್ಸ್‌ನವರ ಕೈಗೆ, ಬಡ್ಡಿಯವರ ಕೈಗೆ, ಚೀಟಿ ಕಂಪನಿಗಳ ಕೈಗೆ ಸಿಕ್ಕಿ ನರಳುತ್ತಾರೆ.’ ಮದ್ದೂ ಅವರ ಬಳಿ ಸಿದ್ಧವಿದೆ. ಅದರ ಹೆಸರು ಆರ್ಥಿಕ ಸಾಕ್ಷರತೆ. ಪ್ರತಿ ವರ್ಷ ಫೆಬ್ರವರಿ ಬಂತೆಂದರೆ ರಿಸರ್ವ್ ಬ್ಯಾಂಕಿನ ಆರ್ಥಿಕ ಸಾಕ್ಷರತಾ ಸಪ್ತಾಹ. ಬ್ಯಾನರ್ ಕಟ್ಟಿ, ಕರಪತ್ರ ಹಂಚಿ, ಒಂದು ಭಾಷಣ ಮಾಡಿದರೆ ಕರ್ತವ್ಯ ಮುಗಿಯಿತು.

ಈ ಮಾತು ತಪ್ಪು ಎಂದು ನಾನು ವಾದಿಸುತ್ತೇನೆ. ತಪ್ಪು ಮಾತ್ರವಲ್ಲ, ಅನ್ಯಾಯವೂ ಹೌದು. ಹಣ ಇರುವವರ ಮತ್ತು ಹಣ ಬೇಕಾದವರ ನಡುವೆ ನಿಂತು ಎರಡೂ ಕಡೆಯಿಂದ ಕಿತ್ತುಕೊಳ್ಳುವವನ ಅಪರಾಧವನ್ನು ಈ ಮಾತು ಒರೆಸಿ, ಕಿತ್ತುಕೊಂಡದ್ದು ಯಾರಿಂದಲೋ ಅವರ ತಲೆಗೇ ಕಟ್ಟುತ್ತದೆ.

ಮೊದಲು ಅರಿವಿನ ಮಾತನ್ನೇ ತೆಗೆದುಕೊಳ್ಳೋಣ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹೆಂಗಸು, ಗಾಡಿಯಲ್ಲಿ ಸೊಪ್ಪು ಮಾರುವ ಹೆಂಗಸು ದಿನದ ವಸೂಲಿ ಸಾಲ ತರುತ್ತಾರೆ. ಬಡ್ಡಿಯವರು ಹತ್ತು ಸಾವಿರ ಎಂದು ಬರೆದುಕೊಂಡು, ಒಂದು ಸಾವಿರ ಅಲ್ಲೇ ಮುರಿದುಕೊಂಡು, ಕೈಗೆ ಒಂಬತ್ತು ಸಾವಿರ ಕೊಡುತ್ತಾರೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು ಶೇ 77ರ ಬಡ್ಡಿ. ‘ಶೇ 77’ ಎಂಬುದು ಆ ಹೆಂಗಸಿಗೆ ಗೊತ್ತಿರಲಿಕ್ಕಿಲ್ಲ. ಆದರೆ ನೂರು ದಿನಕ್ಕೆ ಸಾವಿರ ರೂಪಾಯಿ ಹೋಯಿತೆಂಬುದು ಗೊತ್ತು. ಪಕ್ಕದ ಬೀದಿಯ ಬ್ಯಾಂಕಿನಲ್ಲಿ ಇದರ ಕಾಲು ಭಾಗದ ಬಡ್ಡಿಗೂ ಕಡಿಮೆಗೆ ಸಾಲವಿದೆ, ಅದು ತನಗೆ ಸಿಗುವುದಿಲ್ಲ ಎಂಬುದೂ ಗೊತ್ತು. ಮಗುವಿಗೆ ಜ್ವರ ಬಂದ ರಾತ್ರಿ ಯಾರ ಬಾಗಿಲು ತೆರೆಯುತ್ತದೆ, ಯಾರದು ತೆರೆಯುವುದಿಲ್ಲ ಎಂಬುದಂತೂ ಭಾಷಣ ಮಾಡುವವರಿಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಅವಳಿಗೆ ಇಲ್ಲದಿರುವುದು ಬೇರೊಂದು ಬಾಗಿಲು. ಕರಪತ್ರ ಆ ಬಾಗಿಲನ್ನು ತೆರೆಯುವುದಿಲ್ಲ.

ಅರಿವು ನೆರವಿಗೆ ಬರುವ ಜಾಗ ಇಲ್ಲವೇ ಇಲ್ಲ ಎನ್ನುತ್ತಿಲ್ಲ. ‘ವರ್ಷಕ್ಕೆ ಬರೀ ಹನ್ನೆರಡು ಪರ್ಸೆಂಟ್ ಫ್ಲಾಟ್’ ಎಂದು ಹತ್ತು ಸಾವಿರ ಕೊಟ್ಟು ಹನ್ನೆರಡು ಕಂತಿನಲ್ಲಿ 11,200 ವಸೂಲು ಮಾಡಿದರೆ ನಿಜವಾದ ಬಡ್ಡಿ ಹೆಚ್ಚು ಕಡಿಮೆ ಶೇ 21.5 ಆಗುತ್ತದೆ. ಅಸಲು ತಿಂಗಳು ತಿಂಗಳು ಇಳಿಯುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಅಸಲಿನ ಮೇಲೇ ಓಡುತ್ತದೆ. ಇದನ್ನು ಜನಕ್ಕೆ ಹೇಳಿಕೊಡಿ, ಒಳ್ಳೆಯದೇ. ಆದರೆ ಇಂಥ ಮಾತಿನಲ್ಲಿ ಸಾಲ ಮಾರುವುದನ್ನು ತಡೆಯಬೇಕಾದವರು ಯಾರು? ತೂಕದಲ್ಲಿ ಮೋಸ ಮಾಡಿದ ಅಂಗಡಿಯವನ ತಕ್ಕಡಿಯನ್ನು ಜಪ್ತಿ ಮಾಡಲು ಅಳತೆ ಮತ್ತು ತೂಕ ಇಲಾಖೆಯಿದೆ. ಗಿರಾಕಿಗೆ ತೂಕದ ಸಾಕ್ಷರತೆ ಇಲ್ಲ ಎಂದು ಅಲ್ಲಿ ಯಾರೂ ಸಪ್ತಾಹ ಆಚರಿಸುವುದಿಲ್ಲ.

ಇನ್ನು ಹಾಸಿಗೆಯ ಮಾತು. ಈ ಊರಿಗೆ ಹಾಸಿಗೆ ಇತ್ತು. 1930ರ ದಶಕದಿಂದ ಒಂದೊಂದಾಗಿ ಎದ್ದ ಹತ್ತಿ ಗಿರಣಿಗಳು ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ತಂದವು. ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳಲ್ಲಿ ತಿರುಗಿದವು. ಗಿರಣಿ ಕಾರ್ಮಿಕರ ಸಂಘಟನೆ ಎಷ್ಟು ಗಟ್ಟಿಯಾಗಿತ್ತೆಂದರೆ ಕಮ್ಯುನಿಸ್ಟ್ ಪಕ್ಷದ ಪಂಪಾಪತಿ 1978, 1983 ಮತ್ತು 1985ರಲ್ಲಿ ಇಲ್ಲಿಂದ ಶಾಸಕರಾದರು. ತಿಂಗಳಿಗೊಂದು ಸಂಬಳದ ದಿನ, ಪಿಎಫ್, ಇಎಸ್‌ಐ, ದೀಪಾವಳಿಗೆ ಬೋನಸ್ಸು. ಗಿರಣಿ ಎದುರಿನ ಕಿರಾಣಿ ಅಂಗಡಿಯವನು ಬಡ್ಡಿಯಿಲ್ಲದೆ ಉದ್ದರಿ ಕೊಡುತ್ತಿದ್ದ, ಏಕೆಂದರೆ ಸಂಬಳದ ದಿನ ಯಾವುದೆಂದು ಅವನಿಗೂ ಗೊತ್ತಿತ್ತು. ಸಂಬಳದ ಚೀಟಿಯೇ ಕಾರ್ಮಿಕನ ಜಾಮೀನು.

ಎಂಬತ್ತು ತೊಂಬತ್ತರ ದಶಕಗಳಲ್ಲಿ ಗಿರಣಿಗಳು ಮುಚ್ಚಿದವು. ಹೊಸ ಶತಮಾನದ ಹೊಸ್ತಿಲಲ್ಲಿ ಕಿರ್ಲೋಸ್ಕರ್ ಕೂಡ ನಿಂತಿತು. ಗಿರಣಿಗಳ ಹೆಸರು ಹೊತ್ತ ಡಿಸಿಎಂ ಟೌನ್‌ಶಿಪ್, ಆಂಜನೇಯ ಮಿಲ್ ಬಡಾವಣೆ ಎಂಬುವು ಇವತ್ತಿನ ಹುಡುಗರಿಗೆ ಬರಿಯ ವಿಳಾಸಗಳು. ತಿಂಗಳ ಸಂಬಳ ಹೋಗಿ ದಿನದ ಕೂಲಿ ಬಂತು, ಕೂಲಿಯೂ ಇದ್ದ ದಿನ ಉಂಟು, ಇಲ್ಲದ ದಿನ ಇಲ್ಲ. ಖರ್ಚು ಮಾತ್ರ ತಿಂಗಳ ಲೆಕ್ಕದಲ್ಲೇ ಉಳಿಯಿತು. ಮನೆ ಬಾಡಿಗೆ ದಿನಕ್ಕಿಷ್ಟು ಎಂದು ಯಾರೂ ಕೇಳುವುದಿಲ್ಲ, ಶಾಲೆಯ ಫೀಸನ್ನು ಕೆಲಸ ಸಿಕ್ಕ ದಿನ ಕಟ್ಟಿ ಎಂದು ಯಾವ ಶಾಲೆಯೂ ಹೇಳುವುದಿಲ್ಲ. ಈ ಎರಡರ ನಡುವಿನ ಬಿರುಕಿನಲ್ಲಿ ಮಧ್ಯವರ್ತಿ ಬಂದು ಕೂತ. ಹಾಸಿಗೆಯನ್ನೇ ಎಳೆದುಕೊಂಡ ಮೇಲೆ ಕಾಲು ಎಷ್ಟು ಚಾಚಿದರೆಂದು ಅಳೆಯುವುದು ಯಾವ ನ್ಯಾಯ?

ಒಂದು ಆರ್ಥಿಕ ವ್ಯವಸ್ಥೆ ಕುಸಿದು ಇನ್ನೊಂದು ತಲೆ ಎತ್ತುವ ನಡುಗಾಲದಲ್ಲಿ ಹೀಗೆಯೇ ಆಗುತ್ತದೆ. ಹಳೆಯ ಕಾವಲು ಹೋಗಿರುತ್ತದೆ, ಹೊಸ ಕಾವಲು ಬಂದಿರುವುದಿಲ್ಲ. 1991ರಲ್ಲಿ ದೇಶ ಉದಾರೀಕರಣದ ದಾರಿ ಹಿಡಿಯಿತು. ಹಣಕಾಸು ಕಂಪನಿಗಳು ನಾಯಿಕೊಡೆಗಳಂತೆ ಎದ್ದು ಠೇವಣಿ ಬಾಚತೊಡಗಿದವು. ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿ ತಂದು ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ ನೋಂದಣಿ ಕಡ್ಡಾಯ ಮಾಡಿದ್ದು 1997ರಲ್ಲಿ. ಬಾಗಿಲು ತೆರೆದದ್ದಕ್ಕೂ ಬೀಗ ತಂದದ್ದಕ್ಕೂ ನಡುವೆ ಆರು ವರ್ಷ. ಅಷ್ಟರಲ್ಲಿ ದೋಚಿದವರು ದೋಚಿ ಆಗಿತ್ತು.

ಅರಿವಿನ ಕೊರತೆಯೇ ಕಾರಣ ಎನ್ನುವವರು ಪೂರ್ವ ಯುರೋಪಿನ ಕಡೆ ಒಮ್ಮೆ ನೋಡಲಿ. ಕಮ್ಯುನಿಸ್ಟ್ ಆಡಳಿತ ಬಿದ್ದಾಗ ಅಲ್ಲಿಯ ದೇಶಗಳಲ್ಲಿ ಓದು ಬರಹ ಬಾರದವರು ತೀರ ವಿರಳ. ಜೆಕೊಸ್ಲೊವಾಕಿಯಾದಲ್ಲಿ ಸರ್ಕಾರಿ ಕಾರ್ಖಾನೆಗಳ ಪಾಲನ್ನು ಕೂಪನ್‌ಗಳಾಗಿ ಪ್ರಜೆಗಳಿಗೆ ಹಂಚಿದಾಗ, ಒಂದು ವರ್ಷ ಒಂದು ದಿನದಲ್ಲಿ ಹತ್ತು ಪಟ್ಟು ಕೊಡುತ್ತೇನೆಂದು ವಿಕ್ಟರ್ ಕೋಜೆನಿ ಎಂಬುವನು ‘ಹಾರ್ವರ್ಡ್’ ಹೆಸರಿನ ನಿಧಿಗಳಿಗೆ ಅವನ್ನು ಸೆಳೆದುಕೊಂಡ. ಪಾಲುದಾರರ ಆಸ್ತಿ ಕರಗಿತು, ಅವನು ಬಹಾಮಾಸ್ ದ್ವೀಪ ಸೇರಿದ. ರುಮೇನಿಯಾದ ಕ್ಲೂಜ್ ವಿಶ್ವವಿದ್ಯಾಲಯದ ಊರು, ಕಾರಿತಾಸ್ ಎಂಬ ಪಿರಮಿಡ್ ಯೋಜನೆ ಬೆಳೆದದ್ದು ಅಲ್ಲೇ. ರಷ್ಯಾದಲ್ಲಿ 1994ರಲ್ಲಿ ಎಂಎಂಎಂ ಎಂಬ ಅಂಥದೇ ಯೋಜನೆ ಕುಸಿಯಿತು. ಎಲ್ಲಕ್ಕಿಂತ ಘೋರವಾದದ್ದು ಆಲ್ಬೇನಿಯಾದ್ದು. ಅಲ್ಲಿನ ಜನಸಂಖ್ಯೆಯ ಮೂರರಲ್ಲಿ ಎರಡು ಪಾಲು ಪಿರಮಿಡ್ ಯೋಜನೆಗಳಲ್ಲಿ ಹಣ ಹಾಕಿತ್ತು. ಅವುಗಳ ಒಟ್ಟು ಬಾಕಿ ದೇಶದ ವಾರ್ಷಿಕ ಉತ್ಪನ್ನದ ಅರ್ಧದಷ್ಟಾಗಿತ್ತು. 1997ರಲ್ಲಿ ಅವು ಬಿದ್ದಾಗ ದೇಶವೇ ದಂಗೆಯೆದ್ದು ಸುಮಾರು ಎರಡು ಸಾವಿರ ಜನ ಸತ್ತರು. ಇಡೀ ದೇಶವೇ ಒಮ್ಮೆಲೇ ದುರಾಸೆಗೆ ಬಿತ್ತೆಂದು ಹೇಳುವುದಾದರೆ ಹೇಳಲಿ. ನನಗೆ ಕಾಣುವುದು ಬೇರೆ. ಉಳಿತಾಯ ಇಡಲು ನಂಬಿಕೆಯ ಬ್ಯಾಂಕಿಲ್ಲ, ಕೈಯಲ್ಲಿ ವಿದೇಶದಿಂದ ಮಕ್ಕಳು ಕಳಿಸಿದ ಹಣ, ಬೆಲೆಯೇರಿಕೆ ಅದನ್ನು ತಿನ್ನುತ್ತಿದೆ, ಆಳುವವರೇ ಆ ಕಂಪನಿಗಳ ಪಕ್ಕ ನಿಂತು ನಗುತ್ತಿದ್ದಾರೆ. ಆಗ ಜನ ಏನು ಮಾಡಬೇಕಿತ್ತು?

ನಮ್ಮಲ್ಲಿ ಐಎಂಎ ಹಗರಣ ನಡೆದದ್ದೂ ಹಾಗೆಯೇ. ಬಡ್ಡಿ ತಮ್ಮ ಧರ್ಮಕ್ಕೆ ಸಲ್ಲದೆಂದು ಬ್ಯಾಂಕಿನಿಂದ ದೂರವಿದ್ದವರಿಗೆ ಲಾಭದ ಪಾಲು ಕೊಡುವುದಾಗಿ ಹೇಳಿ, ಹೂಡಿಕೆದಾರರನ್ನು ಕಾಗದದಲ್ಲಿ ಪಾಲುದಾರರೆಂದು ತೋರಿಸಿ, ಠೇವಣಿಯ ಕಾನೂನಿನಿಂದ ನುಣುಚಿಕೊಂಡ ಕಂಪನಿ ಅದು. 2019ರ ಜೂನ್‌ನಲ್ಲಿ ಅದರ ಯಜಮಾನ ದುಬೈಗೆ ಹಾರಿದ. ರಿಸರ್ವ್ ಬ್ಯಾಂಕ್ ರಾಜ್ಯ ಸರ್ಕಾರವನ್ನು ಮೊದಲೇ ಎಚ್ಚರಿಸಿತ್ತು. ತನಿಖೆ ನಡೆಸಬೇಕಾದ ಕಂದಾಯ ಅಧಿಕಾರಿಗಳೇ ಕಂಪನಿಗೆ ಅನುಕೂಲದ ವರದಿ ಕೊಡಲು ಲಂಚ ಪಡೆದ ಆರೋಪದಲ್ಲಿ ಬಂಧಿತರಾದರು. ಕಡತ, ಅಧಿಕಾರ, ಲೆಕ್ಕಪರಿಶೋಧಕರು ಎಲ್ಲವೂ ಕೈಯಲ್ಲಿದ್ದ ಸರ್ಕಾರವೇ ಏನೂ ತಪ್ಪಿಲ್ಲ ಎಂದಿದ್ದ ಕಂಪನಿಯ ಬಗ್ಗೆ ಹೊಲಿಗೆ ಯಂತ್ರ ತುಳಿಯುವ ವಿಧವೆಗೆ ಯಾವ ಸಾಕ್ಷರತೆ ಕಲಿಸಿದ್ದರೆ ಸತ್ಯ ಹೊಳೆಯುತ್ತಿತ್ತು?

ಈಗ ಮೈಕ್ರೋಫೈನಾನ್ಸಿಗೆ ಬರುತ್ತೇನೆ, ಏಕೆಂದರೆ ಇವತ್ತು ದಾವಣಗೆರೆಯ ಹಳೇ ಊರಿನಲ್ಲಿ, ಹರಿಹರದ ಕೇರಿಗಳಲ್ಲಿ ಹೆಂಗಸರ ನಿದ್ದೆ ಕೆಡಿಸಿರುವುದು ಇದು. ಇದರ ಯಂತ್ರ ಕೆಲಸ ಮಾಡುವ ಬಗೆಯನ್ನು ನಿಧಾನವಾಗಿ ನೋಡಬೇಕು. ಬ್ಯಾಂಕುಗಳು ತಮ್ಮ ಸಾಲದಲ್ಲಿ ಶೇ 40ರಷ್ಟನ್ನು ಆದ್ಯತಾ ವಲಯಕ್ಕೆ ಕೊಡಬೇಕು. ಬಡವರ ಮನೆ ಬಾಗಿಲಿಗೆ ತಾವೇ ಹೋಗುವ ಬದಲು ಬ್ಯಾಂಕು ಮೈಕ್ರೋಫೈನಾನ್ಸ್ ಕಂಪನಿಗೆ ಸಾಲ ಕೊಡುತ್ತದೆ, ಅದು ಆದ್ಯತಾ ವಲಯದ ಖಾತೆಗೇ ಜಮೆಯಾಗುತ್ತದೆ. ಕಂಪನಿ ಅದೇ ಹಣವನ್ನು ಶೇ 20ಕ್ಕೂ ಮೇಲ್ಪಟ್ಟ ಬಡ್ಡಿಗೆ ಗುಂಪಿನ ಹೆಂಗಸರಿಗೆ ಬಿಡುತ್ತದೆ. ಸಾಲ ಹಂಚುವ ಹುಡುಗನಿಗೆ ಗುರಿ ಇರುತ್ತದೆ, ಗುರಿ ಮುಟ್ಟಿದರೆ ಭತ್ಯೆ. ಅವಳಿಗೆ ಈಗಾಗಲೇ ಮೂರು ಕಡೆ ಕಂತಿದೆಯೆಂದು ತಿಳಿದೂ ನಾಲ್ಕನೆಯದನ್ನು ಕೊಟ್ಟರೆ ಅವನಿಗೆ ನಷ್ಟವಿಲ್ಲ. ಕಂಪನಿಗೂ ಭಯವಿಲ್ಲ, ಏಕೆಂದರೆ ಒಬ್ಬಳು ತಪ್ಪಿದರೆ ಗುಂಪಿನ ಉಳಿದವರು ಕಟ್ಟಬೇಕು. ಕೊಟ್ಟವನು ಹೊರಬೇಕಾದ ನಷ್ಟವನ್ನು ಪಕ್ಕದ ಮನೆಯವಳು ಹೊರುತ್ತಾಳೆ. ‘ಅಕ್ಕಾ, ನಿನ್ನಿಂದ ನಾವೂ ಕೂತಿದೀವಿ, ಏನಾದ್ರೂ ಮಾಡಿ ಕಂತು ತಾ’ ಎಂದು ನಿನ್ನೆಯವರೆಗೆ ಸಕ್ಕರೆ, ಎಣ್ಣೆ ಕೈಬದಲು ಮಾಡಿದವಳೇ ಅವಳ ಬಾಗಿಲಲ್ಲಿ ಕೂರುವಂತಾಗುತ್ತದೆ. ಈ ಊರಿನ ಕೇರಿಗಳಿಗೆ ಆಗಿರುವ ಅತಿ ದೊಡ್ಡ ಗಾಯ ಇದು. ಇದನ್ನು ಯಾವ ಬ್ಯಾಂಕಿನ ಬ್ಯಾಲೆನ್ಸ್ ಶೀಟೂ ತೋರಿಸುವುದಿಲ್ಲ.

ನಿಯಮಗಳಿಲ್ಲವೆ? ಇವೆ. 2010ರಲ್ಲಿ ಆಂಧ್ರದಲ್ಲಿ ಸಾಲಗಾರರ ಆತ್ಮಹತ್ಯೆಗಳ ಸರಣಿ ನಡೆದ ಮೇಲೆ ರಿಸರ್ವ್ ಬ್ಯಾಂಕಿನ ಮಾಲೇಗಾಂ ಸಮಿತಿ ಕೂತಿತು, ಬಡ್ಡಿಗೆ ಮಿತಿ ಬಂತು. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಆ ಮಿತಿಯನ್ನು ತೆಗೆದುಹಾಕಿತು. ಪೈಪೋಟಿಯೇ ಬಡ್ಡಿಯನ್ನು ಇಳಿಸುತ್ತದೆ ಎಂಬ ನಂಬಿಕೆ. ಮೂರು ವರ್ಷ ಕಳೆಯುವುದರೊಳಗೆ, 2024ರ ಅಕ್ಟೋಬರ್‌ನಲ್ಲಿ, ಅದೇ ರಿಸರ್ವ್ ಬ್ಯಾಂಕ್ ವಿಪರೀತ ಬಡ್ಡಿಯ ಕಾರಣ ಕೊಟ್ಟು ಆಶೀರ್ವಾದ್, ಆರೋಹಣ್, ಡಿಎಂಐ, ನಾವಿ ಎಂಬ ನಾಲ್ಕು ಕಂಪನಿಗಳು ಹೊಸ ಸಾಲ ಕೊಡದಂತೆ ತಡೆಯಿತು. ಕೆಲವೇ ತಿಂಗಳಲ್ಲಿ ತಡೆ ತೆರವಾಯಿತು. ಪೈಪೋಟಿ ಬಡ್ಡಿ ಇಳಿಸುತ್ತದೆ ಎಂಬ ವಾದಕ್ಕೆ ಉತ್ತರವನ್ನು ನಾನು ಬೇರೆಲ್ಲೂ ಹುಡುಕಬೇಕಿಲ್ಲ, ಆ ಆದೇಶವೇ ಉತ್ತರ. ಒಂದೇ ಕೇರಿಯಲ್ಲಿ ಐದು ಕಂಪನಿಗಳು ಪೈಪೋಟಿ ನಡೆಸಿದಾಗ ಇಳಿದದ್ದು ಬಡ್ಡಿಯಲ್ಲ, ಎಚ್ಚರಿಕೆ. ಒಬ್ಬಳಿಗೆ ಮೂರಕ್ಕಿಂತ ಹೆಚ್ಚು ಕಂಪನಿಗಳು ಸಾಲ ಕೊಡಬಾರದು ಎಂದು ಅವರದೇ ಒಕ್ಕೂಟ ಎಂಫಿನ್ 2024ರಲ್ಲಿ ಕಟ್ಟಳೆ ಮಾಡಬೇಕಾಯಿತು. ಅಲ್ಲಿಯವರೆಗೆ ಕೊಡುತ್ತಿದ್ದರೆಂದೇ ತಾನೆ ಇದರ ಅರ್ಥ?

ಬಡ್ಡಿಯ ಮಿತಿ ತೆಗೆದ 2022ರ ಅದೇ ನಿರ್ದೇಶನದಲ್ಲಿ ಇನ್ನೂ ಎರಡು ಸಾಲುಗಳಿವೆ. ಒಂದು ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಬೆಳಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಆದಾಯದ ಮಿತಿಯನ್ನು ಮೀರಿದ್ದು ಯಾರು? ಆದಾಯ ನೋಡಿ ಸಾಲ ಕೊಡುವ ಹೊಣೆ ಕಂಪನಿಯದು. ಮಿತಿ ಮೀರಿ ಕೊಟ್ಟದ್ದು ಕಂಪನಿಯ ತಪ್ಪು. ಆದರೆ ಊರು ಬಿಟ್ಟು ಓಡುವವರು ಸಾಲ ಪಡೆದವರು. 2025ರ ಜನವರಿಯಲ್ಲಿ ಹೊಳೆಯಾಚೆಯ ಹಾವೇರಿ ಜಿಲ್ಲೆಯ ಹೆಂಗಸರು ತಮ್ಮ ಮಾಂಗಲ್ಯ ಉಳಿಸಿಕೊಡಿ ಎಂದು ಅಂಚೆ ಮೂಲಕ ಮುಖ್ಯಮಂತ್ರಿಗೆ ಮೊರೆಯಿಟ್ಟರು. ಆಗ ಎದ್ದ ಕೂಗಿಗೆ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಒಮ್ಮೆ ವಾಪಸು ಕಳಿಸಿದ ರಾಜ್ಯಪಾಲರು ಫೆಬ್ರವರಿ 12ರಂದು ಸಹಿ ಹಾಕಿದರು. ಕಿರುಕುಳಕ್ಕೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ.

ಆ ಕಾನೂನು ಬಂದದ್ದು ಒಳ್ಳೆಯದಾಯಿತು. ಆದರೆ ಅದರ ಹಲ್ಲು ಮುಖ್ಯವಾಗಿ ನಾಟುವುದು ಪರವಾನಗಿ ಇಲ್ಲದ ಲೇವಾದೇವಿಗಾರರಿಗೆ. 1961ರ ಕರ್ನಾಟಕ ಲೇವಾದೇವಿಗಾರರ ಕಾಯ್ದೆಯ ಅಡಿ ಅಡಮಾನವಿದ್ದರೆ ಶೇ 14, ಇಲ್ಲದಿದ್ದರೆ ಶೇ 16ಕ್ಕಿಂತ ಹೆಚ್ಚು ಬಡ್ಡಿ ಪಡೆಯುವಂತಿಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಗಳಿಗೆ ರಾಜ್ಯಗಳ ಲೇವಾದೇವಿ ಕಾಯ್ದೆಗಳು ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ, ಕೇರಳದ ನೆಡುಂಪಿಲ್ಲಿ ಫೈನಾನ್ಸ್ ಪ್ರಕರಣದಲ್ಲಿ ತೀರ್ಪಿತ್ತಿತು. ಅಲ್ಲಿಗೆ ಒಂದೇ ಬೀದಿಯಲ್ಲಿ ಎರಡು ನ್ಯಾಯ. ಬೀದಿ ಕೊನೆಯ ಬಡ್ಡಿಯವನು ಶೇ 18ಕ್ಕೆ ಕೊಟ್ಟರೆ ಅಪರಾಧಿ. ಬೋರ್ಡು ಹಾಕಿಕೊಂಡ ಕಂಪನಿ ಶೇ 25ಕ್ಕೆ ಕೊಟ್ಟರೆ ಅದು ಹಣಕಾಸು ಸೇರ್ಪಡೆ. ರಾಜ್ಯ ತನ್ನ ಕೈಯಲ್ಲಿ ಅಧಿಕಾರವಿಲ್ಲ ಎನ್ನುತ್ತದೆ, ರಿಸರ್ವ್ ಬ್ಯಾಂಕ್ ತಾನು ಬಡ್ಡಿ ನಿಗದಿ ಮಾಡುವುದಿಲ್ಲ ಎನ್ನುತ್ತದೆ.

ಎಪಿಎಂಸಿ ಕಡೆಯೂ ಒಂದು ಮಾತು. ದಲಾಲರನ್ನು ಟೀಕಿಸಿದರೆ ದಾವಣಗೆರೆಯಲ್ಲಿ ತಕ್ಷಣ ಬರುವ ಉತ್ತರ: ‘ಅರ್ಧ ರಾತ್ರಿಗೂ ರೈತನ ಕಷ್ಟಕ್ಕೆ ಆಗೋನು ದಲಾಲ, ಬ್ಯಾಂಕಲ್ಲ.’ ಇದರಲ್ಲಿ ನಿಜವಿದೆ, ಅದನ್ನು ಮುಚ್ಚಿಡುವುದಿಲ್ಲ. ಮಗಳ ಮದುವೆಗೆ, ಬೋರ್‌ವೆಲ್ ಕೆಟ್ಟಾಗ, ಆಸ್ಪತ್ರೆಗೆ ಕೇಳಿದ ಗಳಿಗೆಯಲ್ಲಿ ಹಣ ಕೊಡುವವನು ದಲಾಲಿ ಅಂಗಡಿಯವನೇ. ಅವರಲ್ಲಿ ತಲೆಮಾರುಗಳಿಂದ ನೇರ ನಡೆಯವರೂ ಇದ್ದಾರೆ. ಆದರೆ ಸಾಲ ಕೊಟ್ಟವನೇ ಬೆಳೆ ಮಾರಿಸುವವನೂ ಆದಾಗ ರೈತನ ಪರ ಬೆಲೆ ಕೂಗುವವರು ಯಾರೂ ಉಳಿಯುವುದಿಲ್ಲ. ಮುಂಗಡ ಪಡೆದವನು ಮೆಕ್ಕೆಜೋಳವನ್ನು ಬೇರೆ ಅಂಗಡಿಗೆ ಇಳಿಸುವಂತಿಲ್ಲ, ಬೆಲೆ ಏರುವವರೆಗೆ ಕಾಯುವಂತಿಲ್ಲ. 2025ರ ನವೆಂಬರ್‌ನಲ್ಲಿ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಇದ್ದಾಗ ಮಾರುಕಟ್ಟೆಯಲ್ಲಿ 1,600ರಿಂದ 1,800ಕ್ಕೆ ಕುಸಿದಿತ್ತು. ಸಾಲವಿಲ್ಲದವನು ಚೀಲ ಕಟ್ಟಿಟ್ಟುಕೊಂಡು ಕೂರಬಹುದಿತ್ತು, ಸಾಲವಿದ್ದವನು ಅದೇ ವಾರ ಮಾರಬೇಕಿತ್ತು. ಕಮಿಷನ್ನನ್ನು ಖರೀದಿದಾರನಿಂದ ಪಡೆಯಬೇಕು, ರೈತನಿಂದ ಮುರಿಯಬಾರದು ಎಂಬ ನಿಯಮ ಈ ರಾಜ್ಯದಲ್ಲಿದೆ. ಆದರೂ ಅಧಿಕೃತ ರಸೀದಿಯಿಲ್ಲದೆ ನಡೆಯುವ ಬಿಳಿ ಚೀಟಿ ವ್ಯವಹಾರದ ವಿರುದ್ಧ ರೈತ ಸಂಘಗಳು ಮತ್ತೆ ಮತ್ತೆ ಮಾರುಕಟ್ಟೆಯ ಗೇಟಿನಲ್ಲಿ ಕೂರುತ್ತವೆ. ಬಿಳಿ ಚೀಟಿ ಮೋಸವೆಂದು ರೈತನಿಗೆ ಗೊತ್ತಿದೆ. ಮುಂದಿನ ಮುಂಗಾರಿಗೆ ಬೀಜ ಗೊಬ್ಬರಕ್ಕೆ ಅದೇ ಅಂಗಡಿಯ ಮೆಟ್ಟಿಲು ಹತ್ತಬೇಕೆಂಬುದೂ ಗೊತ್ತಿದೆ. ಸಹಕಾರ ಸಂಘದಲ್ಲಿ ಐದು ಲಕ್ಷದವರೆಗೆ ಬಡ್ಡಿಯಿಲ್ಲದ ಸಾಲವಿದೆ, ಆದರೆ ಅದಕ್ಕೆ ಪಹಣಿ ಬೇಕು. ಲಾವಣಿಗೆ ಹೊಲ ಮಾಡುವವನ ಹೆಸರಲ್ಲಿ ಪಹಣಿ ಇಲ್ಲ. ಇಲ್ಲಿಯೂ ಕೊರತೆ ಅರಿವಿನದಲ್ಲ.

ಕಾನೂನು ಬಿಗಿ ಮಾಡಿದರೆ ಸಾಲದ ಹರಿವೇ ಬತ್ತಿ ಹೋಗುತ್ತದೆ, ಬಡವರು ಮತ್ತೆ ಮೀಟರ್ ಬಡ್ಡಿಯವರ ಪಾಲಾಗುತ್ತಾರೆ ಎಂಬ ಎಚ್ಚರಿಕೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2010ರ ನಂತರ ಆಂಧ್ರದಲ್ಲಿ ಹಾಗೆ ಬತ್ತಿತ್ತು. ಆದ್ದರಿಂದಲೇ ನಾನು ಕೇಳುತ್ತಿರುವುದು ಸಾಲ ನಿಲ್ಲಿಸಿ ಎಂದಲ್ಲ. ನಿಯಮ ತಪ್ಪಿ ಕೊಟ್ಟ ಸಾಲದ ನಷ್ಟ ಕೊಟ್ಟವನದೇ ಆಗಲಿ ಎಂದು. ಆದಾಯದ ಅರ್ಧ ಮೀರಿದ ಕಂತಿನ ಸಾಲವನ್ನು ಕಂಪನಿ ಕೊಟ್ಟಿದ್ದರೆ, ಮೀರಿದಷ್ಟನ್ನು ವಸೂಲು ಮಾಡುವ ಹಕ್ಕು ಅದಕ್ಕೆ ಇರಕೂಡದು. ಒಬ್ಬಳ ಕಂತಿಗೆ ಇನ್ನೊಬ್ಬಳನ್ನು ಕೂರಿಸುವುದನ್ನು ಕಿರುಕುಳವೆಂದೇ ಎಣಿಸಬೇಕು. ಆದ್ಯತಾ ವಲಯದ ಲೆಕ್ಕ ತುಂಬಿಸಿಕೊಂಡ ಬ್ಯಾಂಕು, ತನ್ನ ಹಣ ಕೊನೆಗೆ ಯಾವ ಬಡ್ಡಿಗೆ ಯಾರ ಮನೆ ಸೇರಿತೆಂದು ವರ್ಷಕ್ಕೊಮ್ಮೆ ಜಿಲ್ಲೆಯ ಬ್ಯಾಂಕರ್‌ಗಳ ಸಭೆಯಲ್ಲಿ ಬಹಿರಂಗವಾಗಿ ಹೇಳಬೇಕು. ಎಪಿಎಂಸಿಯ ಅಡಮಾನ ಸಾಲ ಪಹಣಿ ಕೇಳದೆ, ಉಗ್ರಾಣದಲ್ಲಿಟ್ಟ ಚೀಲವನ್ನು ನೋಡಿ, ಸುಗ್ಗಿಯ ವಾರದಲ್ಲೇ ಲಾವಣಿದಾರನಿಗೂ ಸಿಗಬೇಕು. ಇವುಗಳಲ್ಲಿ ಕೆಲವಕ್ಕೆ ದಿಲ್ಲಿ, ಮುಂಬೈ ಒಪ್ಪಬೇಕು. ಕೊನೆಯ ಎರಡಕ್ಕೆ ದಾವಣಗೆರೆಯ ಜಿಲ್ಲಾಡಳಿತ ಮತ್ತು ಬೆಂಗಳೂರು ಮನಸ್ಸು ಮಾಡಿದರೆ ಸಾಕು.

ಆರ್ಥಿಕ ಸಾಕ್ಷರತಾ ಸಪ್ತಾಹ ಮುಂದಿನ ಫೆಬ್ರವರಿಯಲ್ಲಿ ಮತ್ತೆ ಬರುತ್ತದೆ. ಅದನ್ನು ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟು: ಈ ಸಲ ಬ್ಯಾನರನ್ನು ಕೇರಿಯಲ್ಲಿ ಕಟ್ಟಬೇಡಿ. ಸಾಲ ಕೊಡುವವರ ಕಚೇರಿಯಲ್ಲಿ ಕಟ್ಟಿ. 2022ರ ನಿರ್ದೇಶನವನ್ನು ಶಾಖಾ ವ್ಯವಸ್ಥಾಪಕರಿಗೆ ಓದಿ ಹೇಳಿ. ಓದಿದ ಮೇಲೆ, ಆದಾಯದ ಮಿತಿ ಮೀರಿ ಕೊಟ್ಟ ಸಾಲಗಳ ಪಟ್ಟಿಯನ್ನು ಅವರಿಂದ ಕೇಳಿ ಪಡೆಯಿರಿ.